ಅರ್ಧಕ್ಕೆ ನಿಂತ ಹಳೇ ಹಾಡುಗಳನ್ನು ಇಷ್ಟು ವರ್ಷದ ಮೇಲೆ ಮುಗಿಸಬಹುದಾ?

ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. 2001ರಲ್ಲಿ ಗೆಳೆಯರೊಬ್ಬರ ಟ್ಯೂನ್‌ಗೆ ನೀವು ಬರೆದ ಐದಾರು ಹಾಡು ಕ್ಯಾಸೆಟ್‌ನಲ್ಲೇ ಉಳಿದಿವೆ. ಕೆಲವಕ್ಕೆ ಪಲ್ಲವಿ ಮಾತ್ರ ಇದೆ. ಗೆಳೆಯರು ಈಗ ಇಲ್ಲ. 'ನಾನೊಬ್ಬನೇ ಮುಗಿಸಿದರೆ ಅದು ಅದೇ ಹಾಡಾಗಿ ಉಳಿಯುತ್ತದಾ?' ಎಂದು ಕೇಳಿದ್ದೀರಿ. ಮುಗಿಸಿ ಎಂದೇ ನನ್ನ ಉತ್ತರ. ಆದರೆ ಎಲ್ಲವನ್ನೂ ಅಲ್ಲ. ನಾನೂ ಇದೇ ಕೆಲಸ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನಾನು 1991ರಲ್ಲಿ ಅರಕಲಗೂಡು ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದವನು. ಒಬ್ಬ ಸಂಗೀತ ನಿರ್ದೇಶಕರ ಹತ್ತಿರ ಹನ್ನೊಂದು ವರ್ಷ ಅಸಿಸ್ಟೆಂಟ್ ಆಗಿದ್ದೆ. ನಾವೆಲ್ಲ ಅವರನ್ನು ಮಾಸ್ಟ್ರು ಎಂದೇ ಕರೆಯುತ್ತಿದ್ದೆವು. ಮಾಸ್ಟ್ರು ಹಾರ್ಮೋನಿಯಂ ಹಿಡಿದು 'ತನನ ತಾನ' ಎಂದು ಟ್ಯೂನ್ ಹೇಳುತ್ತಿದ್ದರು. ನಿರ್ಮಾಪಕರಿಗೆ ಬರೀ ತನನ ಕೇಳಿಸಿದರೆ ಹಾಡು ಕಣ್ಣಿಗೆ ಕಟ್ಟುವುದಿಲ್ಲ. ಹಾಗಾಗಿ ಅಲ್ಲೇ ಕೂತು ಡಮ್ಮಿ ಸಾಹಿತ್ಯ ಬರೆದುಕೊಡುವುದು ನನ್ನ ಕೆಲಸ. ಆಮೇಲೆ ಹೆಸರಿರುವ ಸಾಹಿತಿ ಬಂದು ನಿಜವಾದ ಹಾಡು ಬರೆಯುತ್ತಿದ್ದರು. ಕೆಲವು ಸಲ ನನ್ನ ಸಾಲುಗಳೇ ಹಾಗೇ ಉಳಿದುಬಿಡುತ್ತಿದ್ದವು. ಕ್ಯಾಸೆಟ್ ಕವರ್ ಮೇಲೆ ನನ್ನ ಹೆಸರು ಇರುತ್ತಿರಲಿಲ್ಲ. ಬಸ್ಸಿನಲ್ಲಿ ಆ ಹಾಡು ಕೇಳಿದಾಗ ಸಂತೋಷ ಮತ್ತು ಸಂಕಟ ಎರಡೂ ಒಟ್ಟಿಗೇ ಆಗುತ್ತಿತ್ತು.

ಆ ಕಾಲದಲ್ಲಿ ಎಷ್ಟೋ ಸಿನಿಮಾಗಳು ಹಾಡಿನ ರೆಕಾರ್ಡಿಂಗ್‌ನಿಂದಲೇ ಶುರುವಾಗುತ್ತಿದ್ದವು. ಪೂಜೆ ಆಗುತ್ತಿತ್ತು, ಎರಡು ಹಾಡು ಆಗುತ್ತಿತ್ತು, ಆಮೇಲೆ ದುಡ್ಡು ನಿಂತು ಹೋಗುತ್ತಿತ್ತು. ಸಿನಿಮಾ ಡಬ್ಬಾದೊಳಗೂ ಹೋಗುತ್ತಿರಲಿಲ್ಲ, ಕಾಗದದಲ್ಲೇ ಮುಗಿಯುತ್ತಿತ್ತು. ಹಾಗೆ ಉಳಿದ ಹಾಡುಗಳು ನನ್ನ ಹತ್ತಿರ 41 ಇದ್ದವು. ಟ್ರಂಕಿನಲ್ಲಿ, ಹದಿನೇಳು ಕ್ಯಾಸೆಟ್ ಮತ್ತು ಎರಡು ನೋಟ್‌ಬುಕ್‌ನಲ್ಲಿ. 2020ರ ಲಾಕ್‌ಡೌನ್‌ನಲ್ಲಿ ಅದನ್ನು ತೆಗೆದೆ.

ಮೊದಲು ಕ್ಯಾಸೆಟ್ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ಇಲ್ಲಿ ತಪ್ಪಿದರೆ ಮುಂದೆ ಏನೂ ಉಳಿಯುವುದಿಲ್ಲ. ಸಿಕ್ಕಿದ ಹಳೇ ಟೇಪ್ ರೆಕಾರ್ಡರ್‌ಗೆ ಸುಮ್ನೆ ಹಾಕಿ ಒತ್ತಬೇಡಿ. ಟೇಪಿನ ಹಿಂದೆ ಒಂದು ಪುಟ್ಟ ಸ್ಪಂಜಿನ ತುಂಡು ಇರುತ್ತದೆ, ಅದೇ ಟೇಪನ್ನು ರೆಕಾರ್ಡರ್‌ನ ಹೆಡ್ಡಿಗೆ, ಅಂದರೆ ಟೇಪ್ ಓದುವ ಭಾಗಕ್ಕೆ, ಒತ್ತಿ ಹಿಡಿಯುವುದು. ವರ್ಷಗಳು ಕಳೆದಂತೆ ಅದರ ಅಂಟು ಬಿಡುತ್ತದೆ. ಆಗ ದನಿ ಮಂಕಾಗಿ ಕೇಳುತ್ತದೆ, ಟೇಪ್ ಹಾಳಾಗಿದೆ ಎಂದುಕೊಳ್ಳುತ್ತೇವೆ. ಬೇರೆ ಕ್ಯಾಸೆಟ್‌ನ ಗೂಡಿಗೆ ಆ ಸುರುಳಿ ಹಾಕಿದರೆ ದನಿ ವಾಪಸ್ ಬರುತ್ತದೆ. ಟೇಪಿನ ಮೇಲೆ ಬಿಳಿ ಬೂಜು ಕಂಡರೆ ಓಡಿಸಲೇಬೇಡಿ, ಗೊತ್ತಿರುವವರಿಗೆ ಕೊಡಿ. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ. ಹೆಡ್ಡಿನ ಪಕ್ಕದ ಚಿಕ್ಕ ಸ್ಕ್ರೂ ಒಂದಿಷ್ಟೇ ತಿರುಗಿಸಿದರೆ ಅದರ ಓರೆ ಸರಿಹೋಗುತ್ತದೆ, 'ಸ', 'ಶ' ಅಕ್ಷರಗಳು ಕಿವಿಗೆ ಸ್ಪಷ್ಟವಾಗುತ್ತವೆ. 24 ಬಿಟ್ ಗುಣಮಟ್ಟದಲ್ಲಿ ಕಂಪ್ಯೂಟರ್‌ಗೆ ಇಳಿಸಿ, ಎರಡು ಕಡೆ ಕಾಪಿ ಇಡಿ. ಎಂಪಿ3 ಆಮೇಲೆ ಮಾಡಿಕೊಳ್ಳಬಹುದು.

ನನ್ನ ಕ್ಯಾಸೆಟ್ ಕೇಳಿದಾಗ ಒಂದು ವಿಚಿತ್ರ ಆಯಿತು. ಮಾಸ್ಟ್ರ ದನಿ ಹುಡುಗನ ದನಿಯ ಹಾಗೆ ತೆಳ್ಳಗಿತ್ತು. ಅವರು ಹಾಗೆ ಹಾಡುತ್ತಿರಲಿಲ್ಲ. ಯೋಚಿಸಿದಾಗ ನೆನಪಾಯಿತು. ಅವತ್ತು ಕರೆಂಟ್ ಇರಲಿಲ್ಲ, ಶೆಲ್ ಹಾಕಿ ರೆಕಾರ್ಡ್ ಮಾಡಿದ್ದೆವು. ಶೆಲ್ ಇಳಿದಿದ್ದರೆ ಟೇಪ್ ನಿಧಾನ ಓಡುತ್ತದೆ. ಕ್ಯಾಸೆಟ್ ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ನಿಧಾನವಾಗಿ ತುಂಬಿಕೊಂಡದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಶ್ರುತಿ ಏರುತ್ತದೆ. ಎಷ್ಟು ಏರಿದೆ ಎಂದು ತಿಳಿಯುವುದು ಹೇಗೆ? ಮಾಸ್ಟ್ರ ಹಾರ್ಮೋನಿಯಂ ಅವರ ಮನೆಯಲ್ಲಿ ಇನ್ನೂ ಇತ್ತು. ಅದರದೇ ಕೀ ಒತ್ತಿ ಟೇಪಿನ ಜೊತೆ ಹೋಲಿಸಿದೆ. ಸುಮಾರು ಅರ್ಧ ಸ್ವರ ಜಾಸ್ತಿ ಇತ್ತು, ಅಂದರೆ ವೇಗ ಹತ್ತಿರ ಹತ್ತಿರ ಶೇಕಡಾ 6 ಹೆಚ್ಚು. ಅಷ್ಟು ಇಳಿಸಿದೆ. ಒಮ್ಮೆಗೇ ಮಾಸ್ಟ್ರು ಕೋಣೆಯೊಳಗೆ ಬಂದು ಕೂತ ಹಾಗಾಯಿತು. ಆ ರಾತ್ರಿ ಬೇರೇನೂ ಕೆಲಸ ಮಾಡಲು ಆಗಲಿಲ್ಲ.

ಗೆಳೆಯರ ದನಿ ಮತ್ತು ವಾದ್ಯ ಒಂದೇ ಟೇಪಿನಲ್ಲಿ ಕಲಸಿಹೋಗಿದ್ದರೆ ಈಗ ಅದನ್ನು ಬೇರೆ ಮಾಡಬಹುದು. ಇಂಗ್ಲೆಂಡಿನ ಬೀಟಲ್ಸ್ ಬ್ಯಾಂಡಿನ ಜಾನ್ ಲೆನನ್ ತಮ್ಮ ಮನೆಯಲ್ಲಿ 1970ರ ದಶಕದ ಕೊನೆಯಲ್ಲಿ ಮಾಡಿದ್ದ ಒಂದು ಕ್ಯಾಸೆಟ್ ಹಾಡನ್ನು ಬ್ಯಾಂಡಿನ ಉಳಿದವರು 1995ರಲ್ಲಿ ಮುಗಿಸಲು ಹೋಗಿ ಕೈಬಿಟ್ಟಿದ್ದರು. ಪಿಯಾನೋದ ಸದ್ದಿನಲ್ಲಿ ದನಿ ಮುಳುಗಿತ್ತು. ಕಂಪ್ಯೂಟರ್‌ನಿಂದ ದನಿಯನ್ನು ಬೇರ್ಪಡಿಸಿದ ಮೇಲೆ 2023ರಲ್ಲಿ ಅದು ಹೊರಗೆ ಬಂತು. ಅಂಥ ಸಾಫ್ಟ್‌ವೇರ್ ಈಗ ನಮ್ಮಂಥವರಿಗೂ ಸಿಗುತ್ತದೆ. ನಾನು ಬಳಸಿದೆ. ಆದರೆ ಮಾಸ್ಟ್ರ ದನಿಯನ್ನು ಹೊಸ ಸಾಲು ಹಾಡುವ ಹಾಗೆ ಮಾಡಲಿಲ್ಲ. ಅವರು ಹಾಡದೇ ಇದ್ದದ್ದನ್ನು ಅವರ ಬಾಯಲ್ಲಿ ಹಾಡಿಸುವುದು ನನಗೆ ಸರಿ ಕಾಣಲಿಲ್ಲ.

41ರಲ್ಲಿ ನಾನು ಮುಗಿಸಿದ್ದು ಒಂಬತ್ತು. ಉಳಿದವನ್ನು ಬಿಟ್ಟೆ. ಕೆಲವು ಹಾಡು ಆ ಸಿಚುಯೇಷನ್‌ಗೆ ಮಾತ್ರ ಹುಟ್ಟಿದವು, ಹೀರೋ ಕಾಲೇಜಿಗೆ ಬರುವ ದೃಶ್ಯ ಇಲ್ಲದೆ ಅವಕ್ಕೆ ಉಸಿರಿಲ್ಲ. ಇನ್ನು ಕೆಲವನ್ನು ಓದಿದರೆ ಬೇರೆ ಸಾಹಿತಿಗಳ ಧಾಟಿಯೇ ಕೇಳುತ್ತಿತ್ತು. ಇಟ್ಟುಕೊಂಡದ್ದು ಯಾವುದನ್ನು ಅಂದರೆ, ಒಂದು ಸಾಲಾದರೂ ನನ್ನನ್ನು ಈಗಲೂ ಕೇಳುತ್ತಿರುವ ಹಾಡುಗಳನ್ನು. ಎಸ್‌ಟಿಡಿ ಬೂತಿನ ಮೇಲೆ ಒಂದು ಹಾಡಿತ್ತು. ಗಾಜಿನ ಗೂಡು, ಓಡುವ ಕೆಂಪು ಅಂಕಿ, ದುಡ್ಡು ಮುಗಿಯುತ್ತಿದೆ, ಮಾತು ಶುರುವಾಗಿಲ್ಲ. ಬೂತನ್ನು ಮೊಬೈಲ್ ಮಾಡಿ ಎಂದು ಒಬ್ಬರು ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಆ ಹಾಡಿನ ನೋವಿರುವುದೇ ಓಡುವ ಅಂಕಿಯಲ್ಲಿ. ಹಳೇ ಹಾಡಿನ ವಯಸ್ಸನ್ನು ಮುಚ್ಚಿಡಲು ಹೋಗಬೇಡಿ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಅದೇ ಹಾಡಾಗಿ ಉಳಿಯುತ್ತದಾ? ನನ್ನ ಒಂದು ಹಾಡಿನ ಕಥೆಯನ್ನೇ ಹೇಳುತ್ತೇನೆ. 1996ರಲ್ಲಿ ಬರೆದ ಪಲ್ಲವಿ ಇದು:

ಕೊನೆಯ ಬಸ್ಸು ಹೊರಟು ಹೋಯ್ತು
ಮನೆಯ ದೀಪ ಉರಿದಿದೆ
ನೆನೆದ ಮಾತು ಗಂಟಲಲ್ಲಿ
ಮೊನಚು ಮುಳ್ಳು ಉಳಿದಿದೆ

ಹುಡುಗ ಹುಡುಗಿಯನ್ನು ಬಸ್ಸು ಹತ್ತಿಸಿ, ಹೇಳಬೇಕಾದ್ದನ್ನು ಹೇಳದೆ ನಿಂತಿದ್ದಾನೆ. ಮೂರು ಮೂರು ಮಾತ್ರೆಯ ನಡೆ. ಸಾಲಿನ ಎರಡನೇ ಅಕ್ಷರದಲ್ಲಿ 'ನ'ಕಾರದ ಪ್ರಾಸ, ನಮ್ಮ ಹಳಗನ್ನಡದವರು ಬಿಡದೆ ಪಾಲಿಸಿದ ಆದಿಪ್ರಾಸ. ಮೊದಲ ಚರಣವೂ ಬಂತು. ಎರಡನೆಯದು ಬರಲಿಲ್ಲ. ಹನ್ನೆರಡು ಸಲ ಬರೆದು ಹೊಡೆದು ಹಾಕಿದ್ದು ನೋಟ್‌ಬುಕ್‌ನಲ್ಲಿ ಹಾಗೇ ಇದೆ. ಎಲ್ಲದರಲ್ಲೂ ಆ ಹುಡುಗ, ಅದೇ ಬಸ್ಸು, ಅದೇ ಮುಳ್ಳು. ಅಷ್ಟರಲ್ಲಿ ಸಿನಿಮಾವೇ ನಿಂತಿತು.

2020ರಲ್ಲಿ ಮತ್ತೆ ಓದಿದಾಗ ಕಣ್ಣು ಎರಡನೇ ಸಾಲಿನ ಮೇಲೆ ನಿಂತಿತು. ಮನೆಯ ದೀಪ ಉರಿದಿದೆ. 'ಕೊನೆ'ಗೆ 'ಮನೆ' ಪ್ರಾಸ ಸಿಕ್ಕಿತು ಎಂದು ಅವತ್ತು ಬರೆದಿದ್ದೆ, ಅಷ್ಟೇ. ಆ ದೀಪ ಹಚ್ಚಿದವರು ಯಾರು ಎಂದು ಕೇಳಿಕೊಂಡಿರಲಿಲ್ಲ. ನನ್ನ ಅವ್ವ 2014ರಲ್ಲಿ ತೀರಿಕೊಂಡಳು. ತಿಥಿಯ ದಿನ ಪಕ್ಕದ ಮನೆಯ ಅತ್ತೆ ಒಂದು ಮಾತು ಹೇಳಿದ್ದರು. ನಾನು ಬರುತ್ತೇನೆ ಎಂದು ಹೇಳಿ ಕಳಿಸಿ ಬರದೇ ಇದ್ದ ರಾತ್ರಿಗಳಲ್ಲಿ ಅವ್ವ ಜಗಲಿ ಮೇಲೆ ಬುಡ್ಡಿ ಇಟ್ಟುಕೊಂಡು ಕೂತಿರುತ್ತಿದ್ದಳಂತೆ. ಕೊನೆಯ ಬಸ್ಸಿನ ಸದ್ದು ಹೋದ ಮೇಲೂ ಏಳುತ್ತಿರಲಿಲ್ಲವಂತೆ. ರೆಕಾರ್ಡಿಂಗ್ ಇದೆ ಎಂದು ನಾನು ಎಷ್ಟು ಸಲ ಹೋಗದೇ ಉಳಿದಿದ್ದೆನೋ ಲೆಕ್ಕವಿಲ್ಲ.

ಎರಡನೇ ಚರಣ ಅವಳದು ಎಂದು ಆಗ ಗೊತ್ತಾಯಿತು.

ಎಣ್ಣೆ ಬತ್ತಿ ನೋಡಿಕೊಂಡು
ಕಣ್ಣು ದಾರಿಗಿಟ್ಟಳು
ತಣ್ಣಗಾದ ಅನ್ನ ಮುಚ್ಚಿ
ಉಣ್ಣದೇನೆ ಕುಂತಳು

ಮಾತು ಸಿಕ್ಕ ಮೇಲೂ ಕೆಲಸ ಇತ್ತು. ಮೊದಲು ಮೂರನೇ ಸಾಲು 'ತಣ್ಣಗಿರುವ ಅನ್ನ' ಎಂದಿತ್ತು. ಮಾತ್ರೆ ಸರಿಯಾಗಿತ್ತು. ಆದರೆ ಮಾಸ್ಟ್ರ ಟ್ಯೂನ್ ಅಲ್ಲಿ ಮೇಲಿನ ಷಡ್ಜಕ್ಕೆ, ಅಂದರೆ ಮೇಲಿನ 'ಸ' ಸ್ವರಕ್ಕೆ, ಏರಿ ಮೂರನೇ ಅಕ್ಷರದ ಮೇಲೆ ನಿಲ್ಲುತ್ತದೆ. ಅಲ್ಲಿ 'ಗಿ' ಬಂದರೆ ಹಾಡುವವರು ಅದನ್ನು 'ಗೀ' ಎಂದು ಎಳೆಯಬೇಕು, ಪದ ಮುರಿಯುತ್ತದೆ. 'ತಣ್ಣಗಾದ' ಎಂದಾಗ 'ಗಾ' ತಾನೇ ದೀರ್ಘ, ಬಾಯಿ ತೆರೆದಿರುತ್ತದೆ, ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಅರ್ಥವೂ ಬೆಳೆಯಿತು. ಅನ್ನ ಬಿಸಿಯಾಗಿತ್ತು, ಕಾಯುತ್ತಾ ಕಾಯುತ್ತಾ ಆರಿತು. ಟ್ಯೂನ್‌ಗೆ ಬರೆಯುವವರಿಗೆ ಇಂಥ ಜಾಗದಲ್ಲಿ ಟ್ಯೂನೇ ದಾರಿ ತೋರಿಸುತ್ತದೆ. ನಿಮ್ಮ ಗೆಳೆಯರ ಟ್ಯೂನ್ ಎಲ್ಲಿ ಏರುತ್ತದೆ, ಎಲ್ಲಿ ನಿಲ್ಲುತ್ತದೆ ಎಂದು ನೂರು ಸಲ ಕೇಳಿ. ಅವರು ನಿಮ್ಮ ಜೊತೆ ಮಾತಾಡುವುದು ಅಲ್ಲೇ. 'ಕುಳಿತಳು' ಎಂದರೂ ಮಾತ್ರೆ ಅಷ್ಟೇ ಆಗುತ್ತಿತ್ತು. 1996ರಲ್ಲಾದರೆ ಹಾಗೇ ಬರೆಯುತ್ತಿದ್ದೆ. ಅವ್ವನ ಬಾಯಲ್ಲಿದ್ದದ್ದು 'ಕುಂತಳು'. ಅದನ್ನೇ ಇಟ್ಟೆ.

ಪಲ್ಲವಿಯ ಒಂದಕ್ಷರವನ್ನೂ ಮುಟ್ಟಲಿಲ್ಲ. ಮುಟ್ಟಬೇಕು ಎನ್ನಿಸಿತ್ತು. 'ಮೊನಚು ಮುಳ್ಳು' ಈಗಿನ ನನಗೆ ಸ್ವಲ್ಪ ಜಾಸ್ತಿ ಅನ್ನಿಸುತ್ತದೆ. ಆದರೆ ಅದು ಇಪ್ಪತ್ತೈದರ ಹುಡುಗನ ಮಾತು, ಆ ವಯಸ್ಸಿಗೆ ಮುಳ್ಳು ಹಾಗೇ ಚುಚ್ಚುತ್ತದೆ. ಅವನ ಸಾಲನ್ನು ತಿದ್ದಿದ್ದರೆ ಇಬ್ಬರ ದನಿಯೂ ಹೋಗುತ್ತಿತ್ತು. ಅವನು ಗೊತ್ತಿಲ್ಲದೇ ಹಚ್ಚಿಟ್ಟ ದೀಪದ ಹತ್ತಿರ ನಾನು ಹೋದೆ, ಅಷ್ಟೇ ನಾನು ಮಾಡಿದ್ದು. ನಿಮ್ಮ ಪಲ್ಲವಿಗಳಲ್ಲೂ ಹಾಗೆ ಕೇಳದೇ ಬಿಟ್ಟ ಪದ ಒಂದಾದರೂ ಇರುತ್ತದೆ, ಅಲ್ವಾ? ಅಲ್ಲಿಂದ ಶುರು ಮಾಡಿ.

ಹಕ್ಕಿನ ಮಾತನ್ನೂ ಹೇಳಲೇಬೇಕು. ಟ್ಯೂನ್ ನಿಮ್ಮ ಗೆಳೆಯರದು. ನಮ್ಮ ದೇಶದಲ್ಲಿ ಕರ್ತೃ ತೀರಿಕೊಂಡ ಮೇಲೂ 60 ವರ್ಷ ಹಕ್ಕು ಇರುತ್ತದೆ, ಅದು ವಾರಸುದಾರರಿಗೆ ಹೋಗುತ್ತದೆ. ಅವರ ಮನೆಯವರಿಂದ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಿರಿ, ರಾಯಲ್ಟಿ ಬಂದರೆ ಹೇಗೆ ಹಂಚುವುದು ಎಂದೂ ಬರೆದಿಡಿ. ಸಿನಿಮಾಕ್ಕೆಂದು ದುಡ್ಡು ಪಡೆದು ಬರೆದಿದ್ದರೆ ಲೆಕ್ಕ ಬೇರೆ. 1977ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಆಗಿನ ಅಂಥ ಹಾಡಿನ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ನಿರ್ಮಾಪಕರದು. 2012ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಸಾಹಿತಿ ಮತ್ತು ಸಂಗೀತಗಾರ ತಮ್ಮ ರಾಯಲ್ಟಿಯ ಹಕ್ಕನ್ನು ಕಂಪನಿಗಳಿಗೆ ಬಿಟ್ಟುಕೊಡುವಂತಿಲ್ಲ ಎಂದಾಯಿತು. ಹಿಂದಿ ಸಿನಿಮಾ ಸಾಹಿತಿ ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿ ಇದಕ್ಕಾಗಿ ಗಟ್ಟಿಯಾಗಿ ಮಾತಾಡಿದ್ದರು, ನನ್ನಂಥವರು ಆ ಋಣ ಮರೆಯುವುದಿಲ್ಲ. ನನ್ನ ಒಂಬತ್ತರಲ್ಲಿ ಮೂರು ಹಾಡಿಗೆ ಹಳೇ ನಿರ್ಮಾಪಕರನ್ನು ಹುಡುಕಿ ಹೋಗಿ ಸಹಿ ಹಾಕಿಸಿಕೊಂಡೆ. ಒಬ್ಬರು ಆ ಸಿನಿಮಾದ ಹೆಸರು ಕೇಳಿ ತುಂಬಾ ಹೊತ್ತು ಸುಮ್ಮನೆ ಕೂತರು. ಬಿಡುಗಡೆ ಮಾಡುವ ಮುಂಚೆ ಐಪಿಆರ್‌ಎಸ್ ಸದಸ್ಯರಾಗಿ. ಸಾಹಿತಿಗಳ, ಸಂಗೀತಗಾರರ ರಾಯಲ್ಟಿ ವಸೂಲಿ ಮಾಡಿ ಹಂಚುವ ಸಂಸ್ಥೆ ಅದೇ. ಮತ್ತೆ, ಗೆಳೆಯರ ಹೆಸರನ್ನು ನಿಮ್ಮ ಹೆಸರಿನ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಹಾಕಿ. ಹೆಸರು ಬಿಟ್ಟುಹೋದರೆ ಹೇಗಿರುತ್ತದೆ ಎಂದು ನನಗೆ ಗೊತ್ತು.

ಬಸ್ಸಿನ ಹಾಡನ್ನು ಒಬ್ಬ ಎಳೆಯ ಹುಡುಗಿ ಹಾಡಿದಳು. ಹಾರ್ಮೋನಿಯಂ, ತಬಲಾ, ಒಂದು ಕೊಳಲು, ಅಷ್ಟೇ. ಹೊರಗೆ ಬಿಡುವ ಮುಂಚೆ ಮಾಸ್ಟ್ರ ಮನೆಗೆ ಹೋಗಿ ಅವರ ಹೆಂಡತಿ ಅಮ್ಮನವರಿಗೆ ಕೇಳಿಸಿದೆ. ಕಣ್ಣು ಮುಚ್ಚಿಕೊಂಡು ಕೇಳಿದರು. ಮುಗಿದ ಮೇಲೆ, 'ಹೇಗಿದೆ ಅಮ್ಮಾ?' ಎಂದೆ.

'ಚೆನ್ನಾಗಿದೆ ಕಣಪ್ಪ. ಆದರೆ ದೀಪ ಅನ್ನೋ ಮುಂಚೆ ಅವರು ಒಂಚೂರು ನಿಲ್ಲೋರು. ನೀವು ನಿಂತಿಲ್ಲ.'

ಮನೆಗೆ ಬಂದು ಕ್ಯಾಸೆಟ್ ಮತ್ತೆ ಕೇಳಿದೆ. ನಿಜ. 'ಮನೆಯ' ಆದ ಮೇಲೆ ಉಸಿರು ತೆಗೆದುಕೊಳ್ಳುವಷ್ಟು ಜಾಗ ಇತ್ತು. ಟೇಪಿನ ಎಳೆದಾಟ ಎಂದುಕೊಂಡು ನಾನೇ ಅದನ್ನು ಕಂಪ್ಯೂಟರ್‌ನಲ್ಲಿ ಸರಿಮಾಡಿದ್ದೆ. ಮಾರನೇ ದಿನ ಆ ಹುಡುಗಿಯನ್ನು ಕರೆಸಿ ಪಲ್ಲವಿಯನ್ನು ಮತ್ತೆ ಹಾಡಿಸಿದೆವು, ಆ ಜಾಗ ಬಿಟ್ಟು.