ಪೂಲ್ ಹೋಯಿತು, ತಕ್ಕಡಿ ಯಾರ ಕೈಯಲ್ಲಿ?

"ಕಾಫಿ ಪೂಲ್ ತೆಗೆದ ಮೇಲೆಯೇ ಮೂಡಿಗೆರೆ, ಸಕಲೇಶಪುರದಲ್ಲಿ ತಾರಸಿ ಮನೆಗಳೆದ್ದವು. ಸರ್ಕಾರಿ ಸಂಸ್ಥೆ ಪಕ್ಕಕ್ಕೆ ಸರಿದರೆ ಊರು ತಾನೇ ಉದ್ಧಾರವಾಗುತ್ತದೆ" ಎಂದು ಆಲ್ದೂರು ಕಡೆಯ ಓದುಗರೊಬ್ಬರು ಬರೆದಿದ್ದಾರೆ.

ಅರ್ಧ ಒಪ್ಪಿದೆವು. 1942ರ ಕಾಯ್ದೆಯಡಿ, ಮನೆಬಳಕೆಗೂ ಬಿತ್ತನೆಗೂ ಉಳಿಸಿಕೊಂಡದ್ದು ಬಿಟ್ಟು ಮಿಕ್ಕ ಫಸಲೆಲ್ಲ ಕಾಫಿ ಬೋರ್ಡಿನ ಪೂಲಿಗೆ, ಅಂದರೆ ಎಲ್ಲರ ಕಾಫಿಯನ್ನೂ ಒಟ್ಟುಗೂಡಿಸಿ ಬೋರ್ಡೇ ಮಾರುವ ವ್ಯವಸ್ಥೆಗೆ, ಹೋಗಬೇಕಿತ್ತು. ಹಣ, ಕಾಫಿಯ ದರ್ಜೆ ನೋಡಿ ಕೊಟ್ಟ ಪಾಯಿಂಟ್ ಲೆಕ್ಕದಲ್ಲಿ, ಕಂತುಕಂತಾಗಿ ಬರುತ್ತಿತ್ತು. ಬೆಳೆಗಾರರ ಸಿಟ್ಟು ನ್ಯಾಯವೇ. 1992ರ ಸುಮಾರಿಗೆ ಬಿಗಿ ಸಡಿಲಗೊಳ್ಳತೊಡಗಿ, 1996ರಲ್ಲಿ ಎಲ್ಲರಿಗೂ ಪೂರ್ತಿ ಮುಕ್ತ ಮಾರಾಟ ಸಿಕ್ಕಿತು.

ಆದರೆ ನಿಮ್ಮ ತಾರಸಿಗಳಲ್ಲಿ ಬ್ರೆಜಿಲ್ಲಿನ ಪಾಲೂ ಇದೆ. 1994ರಲ್ಲಿ ಅಲ್ಲಿನ ತೋಟಗಳು ಕಡುಹಿಮಕ್ಕೆ ಕಮರಿ ಜಗತ್ತಿನ ಬೆಲೆ ಜಿಗಿಯಿತು. ನಮ್ಮವರಿಗೆ ಬಾಗಿಲು ತೆರೆಯುತ್ತಿದ್ದದ್ದೂ ಆಗಲೇ. 2001ರ ಹೊತ್ತಿಗೆ ಅದೇ ಮುಕ್ತ ಮಾರುಕಟ್ಟೆಯಲ್ಲಿ ಬೆಲೆ ಪಾತಾಳಕ್ಕಿಳಿದಾಗ ತಡೆಯಲು ಯಾರೂ ಇರಲಿಲ್ಲ.

ಬೋರ್ಡು ಮಾರಾಟವೊಂದನ್ನೇ ಮಾಡುತ್ತಿರಲಿಲ್ಲ ಎಂಬುದೂ ನೆನಪಿರಲಿ. ಬಾಳೆಹೊನ್ನೂರು ಬಳಿ 1925ರಲ್ಲಿ ಮೈಸೂರು ಸರ್ಕಾರ ಶುರುಮಾಡಿದ ಕಾಫಿ ಸಂಶೋಧನಾ ಕೇಂದ್ರ ಮುಂದೆ ಬೋರ್ಡಿನ ಕೈಗೆ ಬಂತು, ಅಲ್ಲಿನ ಎಸ್.795 ಕಾಫಿ ತಳಿ ತೋಟಕ್ಕಿಳಿಯಲು ಸುಮಾರು 20 ವರ್ಷ ಹಿಡಿಯಿತು. ಅಷ್ಟು ಕಾಲ ಕಾಯುವ ವ್ಯಾಪಾರಿ ಯಾರಿದ್ದಾನೆ? ಯಾರಿಗೆ ಏನು ಉಳಿಯುತ್ತದೆ ಎಂಬುದನ್ನೂ ಮಾರುಕಟ್ಟೆಯೊಂದೇ ತೀರ್ಮಾನಿಸುವುದಿಲ್ಲ, ಭೂಸುಧಾರಣೆ ನೋಡಿ: 1974ರಲ್ಲಿ ಕಣಿವೆಯ ಗದ್ದೆ ಗೇಣಿದಾರನ ಪಾಲಾಯಿತು, ಕಾಯ್ದೆ ಪ್ಲಾಂಟೇಶನ್ ಬೆಳೆಗಳಿಗೆ ಕೊಟ್ಟ ವಿನಾಯಿತಿಯಿಂದ ಪಕ್ಕದ ಕಾಫಿ ತೋಟ ಇಡಿಯಾಗಿ ಉಳಿಯಿತು. ಮಳೆ ಒಂದೇ, ಕಾನೂನು ಎರಡು.

ಪೂಲಿನ ಜೊತೆ ಸಣ್ಣ ಬೆಳೆಗಾರ ಕಳೆದುಕೊಂಡದ್ದು ಮುಖ್ಯವಾಗಿ ಅಳತೆಯನ್ನು. ಈಗ ಮನೆಬಾಗಿಲಿಗೆ ಬಂದ ವ್ಯಾಪಾರಿಯೇ ಔಟ್‌ಟರ್ನ್ ಹೇಳುತ್ತಾನೆ, ಅಂದರೆ 50 ಕಿಲೋ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಹಣ್ಣಿಗೆ) ಎಷ್ಟು ಕಿಲೋ ಬೀಜ ಎಂದು. ಮಳೆಗಾಲದಲ್ಲಿ ಅವನಿಂದಲೇ ಮುಂಗಡ ಪಡೆದಿದ್ದರೆ ಎದುರು ಮಾತಾಡುವುದೂ ಕಷ್ಟ. 26 ಬರಬೇಕಾದಲ್ಲಿ 24 ಎಂದರೆ, 50 ಕಿಲೋದ 40 ಮೂಟೆಗೆ 80 ಕಿಲೋ ಬೀಜದ ಬೆಲೆ ಹೋಯಿತು.

ನೀವೇ ಅಳೆಯಿರಿ. ಪ್ರತಿ ಮೂಟೆಯ ಮೇಲೆ, ನಡುವೆ, ತಳದಿಂದ ಒಂದೊಂದು ಹಿಡಿ ತೆಗೆದು ಬೆರೆಸಿ, 500 ಗ್ರಾಂ ತೂಗಿ, ಸಿಪ್ಪೆ ಬಿಡಿಸಿ. ಉಳಿದ ಬೀಜದ ಗ್ರಾಂ ತೂಕವನ್ನು 10ರಿಂದ ಭಾಗಿಸಿದರೆ ಔಟ್‌ಟರ್ನ್: 260 ಗ್ರಾಂ ಬಂದರೆ 26. ತೇವ ರೋಬಸ್ಟಾ ಚೆರಿಗೆ 11, ಅರೇಬಿಕಾಕ್ಕೆ 10.5 ಶೇಕಡಾ ದಾಟಿದ್ದರೆ ಈ ಲೆಕ್ಕ ಸುಳ್ಳು ಹೇಳುತ್ತದೆ, ವ್ಯಾಪಾರಿಗೆ ಕಡಿತದ ನೆಪವೂ ಸಿಗುತ್ತದೆ. ಅತಿಯಾಗಿ ಒಣಗಿಸಿದರೆ ತೂಕದ ನಷ್ಟ ನಿಮ್ಮದೇ. ತೇವಮಾಪಕ ದುಬಾರಿ ಎನಿಸಿದರೆ ನಾಲ್ಕು ಮನೆಯವರು ಸೇರಿ ಒಂದು ಕೊಳ್ಳಿ. ನೀವು ಬೇಡವೆಂದ ಸಂಸ್ಥೆ ಶುರುವಾಗುವುದೂ ಹೀಗೆಯೇ.