ಶಾಲೆಗೆ ತರುವ ಸಾಮಾನು: ಓದುಗರ ಪ್ರಶ್ನೆಗೆ ಉತ್ತರ

(ಮಂಡ್ಯ, ಮೈಸೂರು ಜಿಲ್ಲೆಗಳಲ್ಲಿ 31 ವರ್ಷ ಸರ್ಕಾರಿ ಕಟ್ಟಡಗಳ ಕೆಲಸ ನೋಡಿಕೊಂಡು ನಿವೃತ್ತರಾಗಿರುವ ಎಂಜಿನಿಯರ್ ಮೇಡಂ ಈ ಅಂಕಣದಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಮೇಡಂ, ನಮಸ್ಕಾರ. ನಮ್ಮದು ಮದ್ದೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಪ್ರಾಥಮಿಕ ಶಾಲೆ. ಎರಡು ಹೆಂಚಿನ ಕೊಠಡಿಗಳು ಸೋರುತ್ತಿವೆ. ಹಳೇ ವಿದ್ಯಾರ್ಥಿಗಳು ಸೇರಿ ನಾಲ್ಕೂವರೆ ಲಕ್ಷ ಕೂಡಿಸಿದ್ದಾರೆ. ಹೆಂಚು ಇಳಿಸಿ ಸಿಮೆಂಟ್ ಶೀಟ್, ಕೆಳಗೆ ಪಿವಿಸಿ ಸೀಲಿಂಗ್, ಗೋಡೆಗೆ ಪುಟ್ಟಿ, ನೆಲಕ್ಕೆ ಹೊಳೆಯುವ ಟೈಲ್ಸ್ ಅಂತ ಅಂಗಡಿಯವರು ಕೊಟೇಶನ್ ಕೊಟ್ಟಿದ್ದಾರೆ. ದುಡ್ಡು ಕೊಟ್ಟವರಿಗೂ ಶಾಲೆ ಪಳಪಳ ಅನ್ನಬೇಕು ಅಂತ ಆಸೆ. ಒಪ್ಪಬಹುದೇ? – ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರು

ಉತ್ತರ: ಅಧ್ಯಕ್ಷರೇ, ಒಪ್ಪಬೇಡಿ. ದುಡ್ಡು ಕೊಟ್ಟವರ ಪ್ರೀತಿ ದೊಡ್ಡದು, ಅದಕ್ಕೇ ಅದು ಪೋಲಾಗಬಾರದು.

ಮನೆಯಲ್ಲಿ ಒಂದು ಟೈಲು ಎದ್ದರೆ ಯಜಮಾನರು ಮಾರನೇ ದಿನ ಗಾರೆಯವರನ್ನು ಕರೆಸುತ್ತಾರೆ. ಶಾಲೆಯಲ್ಲಿ ಎದ್ದ ಟೈಲು ಅರ್ಜಿ, ಎಸ್ಟಿಮೇಟು, ಮಂಜೂರಾತಿ ಎಲ್ಲಾ ದಾಟಿ ಸರಿಹೋಗುವಷ್ಟರಲ್ಲಿ ಮೂರನೇ ಕ್ಲಾಸಿನ ಮಗು ಐದನೇ ಕ್ಲಾಸಿಗೆ ಬಂದಿರುತ್ತದೆ. ಹಾಗಾಗಿ ಸಾರ್ವಜನಿಕ ಕಟ್ಟಡಕ್ಕೆ ಯಾವ ಸಾಮಾನು ತರುವಾಗಲೂ ನಾನು ಮೊದಲು ಕೇಳುತ್ತಿದ್ದದ್ದು ಎರಡೇ. ಇದು ಕೆಟ್ಟರೆ ಈ ಊರಲ್ಲೇ ಸರಿ ಮಾಡುವವರು ಇದ್ದಾರಾ? ಕೆಡುವಾಗ ಮಕ್ಕಳಿಗೆ ಏನು ಮಾಡುತ್ತದೆ?

ಹೆಂಚು ಈ ಎರಡಕ್ಕೂ ಜವಾಬು ಕೊಡುತ್ತದೆ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು ಹೆಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಹೆಂಚು ನಮ್ಮ ಕಡೆಯ ಶಾಲೆ, ಛತ್ರ, ರೈಲ್ವೆ ಸ್ಟೇಷನ್ನುಗಳ ಮೇಲೆಲ್ಲ ಕೂತಿತು. ಒಂದು ಒಡೆದರೆ ಒಂದನ್ನೇ ಬದಲಿಸಬಹುದು. ನಿಮ್ಮ ಛಾವಣಿ ಸೋರುತ್ತಿದೆ ಅಂದರೆ ಬಹುಶಃ ವರ್ಷಗಳಿಂದ ಯಾರೂ ಹೆಂಚು ಕೈಯಾಡಿಸಿಲ್ಲ, ಇಲ್ಲವೇ ರೀಪರು ಬಾಗಿದೆ. ಬಡಗಿಯೊಬ್ಬರನ್ನು ಹತ್ತಿಸಿ ತೊಲೆ, ರೀಪರುಗಳನ್ನು ಚಾಣದಿಂದ ಚುಚ್ಚಿ ನೋಡಿಸಿ. ಗೆದ್ದಲು ತಿಂದಿದ್ದರೆ ಮರದ ಬದಲು ಕಬ್ಬಿಣದ ಪೈಪಿನ ಚೌಕಟ್ಟು ಮಾಡಿಸಿ, ಅದೇ ಹೆಂಚನ್ನು ಮತ್ತೆ ಹೊದಿಸಬಹುದು. ಹೊಸದು ಕೊಳ್ಳುವಾಗ ಒಂದೊಂದನ್ನೂ ಬೆರಳ ಗೆಣ್ಣಿನಿಂದ ತಟ್ಟಿ. ಖಣ್ ಅನ್ನಬೇಕು, ದಬ್ ದಬ್ ಅಂದರೆ ಬೆಂದಿಲ್ಲ ಅಥವಾ ಬಿರುಕು ಬಿಟ್ಟಿದೆ. ಐವತ್ತು ಹೆಂಚು ಹೆಚ್ಚಿಗೆ ತಂದು ಶಾಲೆಯ ಮೂಲೆಯಲ್ಲಿ ಜೋಡಿಸಿಡಿ. ಕೋತಿಗಳಿರುವ ಊರಾದರೆ ನೂರು.

ಅಂಗಡಿಯವರು ಸಿಮೆಂಟ್ ಶೀಟ್ ಅನ್ನುವುದು ಸಾಮಾನ್ಯವಾಗಿ ಕಲ್ನಾರಿನ (ಆಸ್ಬೆಸ್ಟಾಸ್) ಶೀಟು. ಎಲ್ಲಾ ಬಗೆಯ ಕಲ್ನಾರೂ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆ ಸ್ಪಷ್ಟವಾಗಿ ಹೇಳಿದೆ. ತೂತು ಕೊರೆಯುವಾಗ, ಕತ್ತರಿಸುವಾಗ, ಒಡೆಯುವಾಗ ಏಳುವ ಧೂಳೇ ಅಪಾಯ. ಕ್ರಿಕೆಟ್ ಚೆಂಡು ಬೀಳುವ ಛಾವಣಿಗೆ ಅದು ಬೇಡವೇ ಬೇಡ. ಈಗಾಗಲೇ ಹಾಕಿರುವ ಶಾಲೆಗಳಿದ್ದರೆ ಫ್ಯಾನಿಗೆ, ಬಲ್ಬಿಗೆ ಅಂತ ಅದರಲ್ಲಿ ತೂತು ಹೊಡೆಸಬೇಡಿ. ತೆಗೆಸುವಾಗ ರಜೆಯಲ್ಲಿ, ನೀರು ಚಿಮುಕಿಸಿ, ಒಡೆಯದೆ ಇಡಿಯಾಗಿ ಇಳಿಸಿ. ಹಾಗಂತ ತಗಡಿನ ಶೀಟಿಗೆ ಹೋಗುವುದೂ ಕೊಠಡಿಗೆ ಒಳ್ಳೆಯದಲ್ಲ. ಏಪ್ರಿಲ್‌ನಲ್ಲಿ ಒಳಗೆ ಕೂರಲಾಗದು, ಮಳೆ ಬಂದರೆ ಟೀಚರ್ ಮಾತು ಮುಂದಿನ ಬೆಂಚಿಗೂ ಕೇಳದು.

ಪಿವಿಸಿ ಸೀಲಿಂಗ್ ವಿಷಯಕ್ಕೆ ಬಂದರೆ ನನಗೆ ತಮಿಳುನಾಡಿನ ಕುಂಭಕೋಣ ನೆನಪಾಗುತ್ತದೆ. 2004ರ ಜುಲೈ 16ರಂದು ಅಲ್ಲಿನ ಶಾಲೆಯಲ್ಲಿ ಅಡುಗೆ ಬೆಂಕಿ ಗರಿಯ ಛಾವಣಿಗೆ ಹತ್ತಿ 94 ಮಕ್ಕಳು ತೀರಿಹೋದರು. ಪಿವಿಸಿ ಗರಿಯಷ್ಟು ಬೇಗ ಹತ್ತಿಕೊಳ್ಳದು, ನಿಜ. ಆದರೆ ಉರಿದರೆ ಉಸಿರುಗಟ್ಟಿಸುವ ಆಮ್ಲದ ಹೊಗೆ ಬಿಡುತ್ತದೆ. ಅದರ ಮೇಲೆ ವೈರು ಎಳೆದಿರುತ್ತಾರೆ, ವೈರನ್ನು ಇಲಿ ಕಡಿಯುತ್ತದೆ, ಸೋರುವ ನೀರು ಯಾರ ಕಣ್ಣಿಗೂ ಬೀಳದೆ ನಿಲ್ಲುತ್ತದೆ. ಛಾವಣಿಯ ರೋಗ ಕಾಣುತ್ತಿರಲಿ. ಉಳಿದ ದುಡ್ಡಲ್ಲಿ ವೈರಿಂಗ್ ಹೊಸದು ಮಾಡಿಸಿ, 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನೇ ಆಫ್ ಆಗುವ ಸ್ವಿಚ್ಚು) ಹಾಕಿಸಿ.

ನಿಮ್ಮದು ನಾಲೆ ಬಯಲಿನ ಊರಾದರೆ ಗೋಡೆ ಬುಡದಿಂದ ಮೂರಡಿ ಚೌಳು ಹಿಡಿದಿರುತ್ತದೆ. ಅದರ ಮೇಲೆ ಪುಟ್ಟಿ ಬಳಿದರೆ ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಏಳುತ್ತದೆ. ಟೈಲ್ಸ್ ಅಂಟಿಸಿ ಮುಚ್ಚಿದರೂ ತೇವ ಅದರ ಹಿಂದೆಯೇ ಹತ್ತಿ ಮೇಲೆ ಕಾಣಿಸಿಕೊಳ್ಳುತ್ತದೆ. ಹೊರಗಡೆ ಗೋಡೆಯ ಸುತ್ತ ಮೂರಡಿ ಅಗಲ ಇಳಿಜಾರಾಗಿ ಕಾಂಕ್ರೀಟ್ ಹಾಕಿಸಿ, ಸೂರಿನ ನೀರು ದೂರ ಹರಿಯುವಂತೆ ಚರಂಡಿ ತೆಗೆಸಿ. ಗೋಡೆ ಒಣಗಲು ಒಂದು ಬೇಸಿಗೆ ಬಿಟ್ಟು, ಆಮೇಲೆ ಸುಣ್ಣ ಹೊಡೆಸಿ. ಸುಣ್ಣದ ಗೋಡೆ ಉಸಿರಾಡುತ್ತದೆ.

ಇನ್ನು ನೆಲ. ಇದನ್ನು ಹೇಳಲು ನನಗೆ ಕಷ್ಟವಾಗುತ್ತದೆ. ಬಹಳ ಹಿಂದೆ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನ ವರಾಂಡಕ್ಕೆ ನುಣ್ಣನೆಯ ಟೈಲ್ಸ್ ಹಾಕಿಸಿದ್ದೆವು. ಉದ್ಘಾಟನೆಯ ದಿನ ಎಲ್ಲರೂ ಹೊಗಳಿದರು. ಮೊದಲ ಸೋನೆಗೆ ಎರಚಲು ಬಡಿದು, ಊಟದ ತಟ್ಟೆ ಹಿಡಿದು ಬರುತ್ತಿದ್ದ ಎಂಟನೇ ಕ್ಲಾಸಿನ ಹುಡುಗಿ ಜಾರಿ ಮುಂಗೈ ಮುರಿದುಕೊಂಡಳು. ಆ ಟೈಲ್ಸ್ ಆರಿಸಿದ ಹಾಳೆಯ ಮೇಲೆ ನನ್ನ ಸಹಿ ಇತ್ತು. ಅಂದಿನಿಂದ ಅಂಗಡಿಯಲ್ಲಿ ಟೈಲಿನ ಮೇಲೆ ನೀರು ಚೆಲ್ಲಿ, ಚಪ್ಪಲಿ ಬಿಟ್ಟು ನಿಂತು ನೋಡದೆ ಯಾವುದನ್ನೂ ಒಪ್ಪಿಲ್ಲ. ನೀವೂ ಹಾಗೇ ಮಾಡಿ. ತರಗತಿಗೆ ಒರಟು ಮೈಯ ಟೈಲ್ಸ್ ಆಗಬಹುದು, ಶಹಾಬಾದ್ ಕಲ್ಲು ಇನ್ನೂ ಚೆನ್ನ. ಆದರೆ ಅದು ಸುಣ್ಣದ ಕಲ್ಲು. ಶೌಚಾಲಯಕ್ಕೆ ಹಾಕಿದರೆ ತೊಳೆಯುವ ಆಸಿಡ್ ಅದನ್ನು ತಿಂದುಹಾಕುತ್ತದೆ. ಈಗಿರುವುದು ಹಳೇ ಕೆಂಪು ಗಾರೆ ನೆಲವಾದರೆ ದಯವಿಟ್ಟು ಅಗೆಸಬೇಡಿ, ಬಿರುಕು ಮುಚ್ಚಿಸಿ ಸಾಕು. ಅಂಥ ನೆಲ ಹಾಕುವ ಕೈಗಳು ಮೈಸೂರಲ್ಲೂ ಈಗ ಅಪರೂಪ.

ಪ್ರಶ್ನೆ: ಶ್ರೀರಂಗಪಟ್ಟಣ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯೆ ನಾನು. ನಮ್ಮಲ್ಲಿ ಗ್ರಂಥಾಲಯ ಕಟ್ಟುತ್ತಿದ್ದಾರೆ. ಕಂಬಿ, ಸಿಮೆಂಟು ಎಲ್ಲಾ ಒಳ್ಳೇ ಕಂಪನಿಯದೇ ಅನ್ನುತ್ತಾರೆ ಕಂಟ್ರಾಕ್ಟರು. ಓದಿರುವುದು ಪಿಯುಸಿ. ನಾನು ಹೇಗೆ ಪರೀಕ್ಷಿಸಲಿ?

ಉತ್ತರ: ಕಂಪನಿ ಹೆಸರು ಕೇಳಬೇಡಮ್ಮ, ಎಸ್ಟಿಮೇಟಿನ ನಕಲು ಕೇಳು. ಅದರಲ್ಲಿ ಐಎಸ್ (ಭಾರತೀಯ ಮಾನಕ) ಸಂಖ್ಯೆ, ದರ್ಜೆ ಬರೆದಿರುತ್ತದೆ. ಕಂಬಿಗೆ ಐಎಸ್ 1786, ಎಫ್‌ಇ 500 ಅಥವಾ 500ಡಿ ಅಂತ ಇರುತ್ತದೆ. ಟೆಂಡರಿನಲ್ಲಿ ಒಂದೇ ಕಂಪನಿಯ ಹೆಸರು ಹಾಕಿದರೆ ಪೈಪೋಟಿಗೆ ಬಾಗಿಲು ಮುಚ್ಚಿದಂತೆ. ಸರ್ಕಾರಿ ಟೆಂಡರುಗಳಿಗಾಗಿ ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕ ಕಾಯ್ದೆ ತಂದದ್ದೇ ಆ ಬಾಗಿಲು ತೆರೆದಿರಲಿ ಅಂತ.

ಪರೀಕ್ಷೆ ಸುಲಭ. 12 ಎಂಎಂ ಕಂಬಿಯಲ್ಲಿ ಸರಿಯಾಗಿ ಒಂದು ಮೀಟರ್ ತುಂಡು ಕತ್ತರಿಸಿ ಕಿರಾಣಿ ಅಂಗಡಿಯ ತಕ್ಕಡಿಗೆ ಹಾಕಿಸು. 888 ಗ್ರಾಂ ಬರಬೇಕು. 835ಕ್ಕಿಂತ ಇಳಿದರೆ ಲೋಡು ವಾಪಸ್. 8 ಎಂಎಂ ಆದರೆ 395 ಗ್ರಾಂ. ಕಂಬಿ ತೆಳ್ಳಗಿದ್ದರೆ ಬಣ್ಣ, ಹೆಸರು ನೋಡಿ ಗೊತ್ತಾಗುವುದಿಲ್ಲ, ತೂಕಕ್ಕೆ ಹಾಕಿದರೆ ಗೊತ್ತಾಗುತ್ತದೆ.

ಸಿಮೆಂಟ್ ಚೀಲದ ಮೇಲೆ ತಯಾರಾದ ವಾರ, ವರ್ಷ ಅಚ್ಚಾಗಿರುತ್ತದೆ. ಮೂರು ತಿಂಗಳು ದಾಟಿದ್ದನ್ನು ಪರೀಕ್ಷೆ ಮಾಡಿಸದೆ ಬಳಸಲು ಬಿಡಬೇಡ. ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಒಂದು ಸಂಖ್ಯೆ ಇರುತ್ತದೆ. ಫೋನಿನಲ್ಲಿ ಬಿಐಎಸ್ ಕೇರ್ ಆ್ಯಪ್ ಹಾಕಿಕೊಂಡು ಅದನ್ನು ಒತ್ತಿದರೆ ಪರವಾನಗಿ ಅಸಲಿಯೋ ಅಲ್ಲವೋ ತಿಳಿಯುತ್ತದೆ. ಇಟ್ಟಿಗೆಯಾದರೆ ಒಣಗಿದ್ದನ್ನು ತೂಗಿ, 24 ಗಂಟೆ ನೀರಲ್ಲಿ ನೆನೆಸಿ ಮತ್ತೆ ತೂಗು. 3 ಕಿಲೋ ಇದ್ದದ್ದು 3 ಕಿಲೋ 600 ಗ್ರಾಂ ದಾಟಬಾರದು.

ಇಷ್ಟೆಲ್ಲಾ ಚೆನ್ನಾಗಿದ್ದರೂ ನೀರು ಹೊಡೆಯದಿದ್ದರೆ ಎಲ್ಲಾ ವ್ಯರ್ಥ. ಪಿಪಿಸಿ (ಹಾರುಬೂದಿ ಬೆರೆಸಿದ) ಸಿಮೆಂಟಾದರೆ ಕನಿಷ್ಠ 10 ದಿನ, ಬಿಸಿಲುಗಾಲದಲ್ಲಿ 14 ದಿನ ಕಾಂಕ್ರೀಟು ಒದ್ದೆಯಾಗಿರಬೇಕು. ಕ್ಯೂರಿಂಗಿಗೆ ಆಳು ಇಟ್ಟಿದ್ದಾರಾ ಅಂತ ಭಾನುವಾರ ಹೋಗಿ ನೋಡು. ಭಾನುವಾರವೇ ತಪ್ಪುವುದು.

ಪ್ರಶ್ನೆ: ಮೈಸೂರು ಕುವೆಂಪುನಗರದಲ್ಲಿ ನನ್ನ ಮಗಳು ಓದುವ ಶಾಲೆಯಲ್ಲಿ ಪಾಠ ನಡೆಯುವಾಗಲೇ ಬಣ್ಣ ಹೊಡೆಯುತ್ತಿದ್ದಾರೆ. ಬಣ್ಣದಲ್ಲಿ ಸೀಸ ಇರುತ್ತದಂತೆ, ಹೌದೇ?

ಉತ್ತರ: 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದೆಂಬ ನಿಯಮ ಜಾರಿಯಲ್ಲಿದೆ. ಡಬ್ಬಿಯ ಮೇಲೆ ಅದನ್ನು ಅಚ್ಚು ಹಾಕಿರಬೇಕು, ಡಬ್ಬಿ ತೋರಿಸಲು ಕೇಳಿ. ಹೊಸ ಬಣ್ಣಕ್ಕಿಂತ ನನಗೆ ಭಯ ಹಳೆಯದರದ್ದು. ಕಿಟಕಿ, ಬಾಗಿಲು, ಕಂಬಿಗಳ ಮೇಲಿನ ಹಳೇ ಎನಾಮೆಲನ್ನು ಒಣಗಿದ ಉಪ್ಪುಕಾಗದದಲ್ಲಿ ಉಜ್ಜಿದರೆ ಆ ಪುಡಿ ಬೆಂಚಿನ ಮೇಲೆ, ಬೆಂಚಿನಿಂದ ಮಕ್ಕಳ ಬಾಯಿಗೆ. ಒದ್ದೆ ಮಾಡಿ ಉಜ್ಜಿಸಬೇಕು, ಒದ್ದೆ ಬಟ್ಟೆಯಲ್ಲೇ ಒರೆಸಬೇಕು. ನಾಳೆಯೇ ನಾಲ್ಕು ಪೋಷಕರು ಸೇರಿ ಹೋಗಿ, ಕೆಲಸ ನಿಲ್ಲಿಸಿ ದಸರಾ ರಜೆಗೆ ಹಾಕಿಕೊಳ್ಳಿ ಎಂದು ಬರವಣಿಗೆಯಲ್ಲಿ ಕೊಡಿ.