ಮಂಗಳೂರಿನಲ್ಲಿ ಸೈಕಾಲಜಿ ಡಿಗ್ರಿ ಓದುತ್ತಾ ಕ್ಲಾಸಿನ ಹೊರಗೆ ಏನು ಕಲಿಯಬಹುದು?

ನೀವು ಕೇಳಿದ್ದು ಇಷ್ಟು: ಮಂಗಳೂರಿನಲ್ಲಿ ಬಿ.ಎ. ಎರಡನೇ ವರ್ಷ, ಸೈಕಾಲಜಿ ಒಂದು ವಿಷಯ, ಪಾಠ ಮತ್ತು ಪರೀಕ್ಷೆ ಬಿಟ್ಟರೆ ಬೇರೆ ಅನುಭವ ಇಲ್ಲ. ಆನ್‌ಲೈನ್ ಇಂಟರ್ನ್‌ಶಿಪ್‌ಗೆ ದುಡ್ಡು ಕಟ್ಟಬಹುದಾ, ಆಸ್ಪತ್ರೆಯಲ್ಲಿ ಅವಕಾಶ ಸಿಗುತ್ತದಾ, ಬೇರೆ ದಾರಿ ಏನುಂಟು?

ಮೊದಲನೆಯದಕ್ಕೆ ಉತ್ತರ: ಕಟ್ಟಬೇಡಿ. ಹದಿನೈದು ದಿನ ಝೂಮ್‌ನಲ್ಲಿ ಸ್ಲೈಡ್ ತೋರಿಸಿ, ಕಾಲ್ಪನಿಕ ರೋಗಿಯ ಕೇಸ್ ಹಿಸ್ಟರಿ ಬರೆಸಿ, ಕೊನೆಗೆ ಬಣ್ಣದ ಸರ್ಟಿಫಿಕೇಟ್ ಕಳಿಸುವ ಕೋರ್ಸುಗಳು ಬೇಕಾದಷ್ಟಿವೆ. ಎಂ.ಎಸ್ಸಿ. ಸಂದರ್ಶನದಲ್ಲಿ ಅದನ್ನು ತೋರಿಸಿದರೆ ಬರುವ ಮುಂದಿನ ಪ್ರಶ್ನೆ, "ಅಲ್ಲಿ ನೀವು ಏನು ನೋಡಿದಿರಿ?" ಅದಕ್ಕೆ ಹೇಳಲು ಏನೂ ಇರುವುದಿಲ್ಲ. ಹಣ ಕಟ್ಟಲೇಬೇಕು ಅಂತಿದ್ದರೆ ಮೊದಲು ಮೂರು ವಿಷಯ ಕೇಳಿ: ಮೇಲ್ವಿಚಾರಣೆ ಮಾಡುವವರ ಹೆಸರು ಮತ್ತು ವಿದ್ಯಾರ್ಹತೆ ಏನು, ಅವರು ಕ್ಲಿನಿಕಲ್ ಸೈಕಾಲಜಿಸ್ಟ್ ಎಂದಾದರೆ ಆರ್‌ಸಿಐ (ಭಾರತೀಯ ಪುನರ್ವಸತಿ ಪರಿಷತ್ತು) ನೋಂದಣಿ ಸಂಖ್ಯೆ ಎಷ್ಟು, ನಾನು ಬರೆದದ್ದನ್ನು ಯಾರಾದರೂ ಓದಿ ತಿದ್ದುತ್ತಾರಾ. ನೇರ ಉತ್ತರ ಬರದಿದ್ದರೆ ಅಲ್ಲಿಗೆ ಬಿಟ್ಟುಬಿಡಿ.

ಡಿಗ್ರಿ ಹಂತದಲ್ಲಿ ಕೂಡಿಹಾಕಬೇಕಾದದ್ದು ಒಂದೇ ಅಂತ ನನ್ನ ಗಟ್ಟಿ ಅಭಿಪ್ರಾಯ: ಒಂದೇ ಜಾಗದಲ್ಲಿ, ಅದೇ ಜನರನ್ನು, ತಿಂಗಳುಗಟ್ಟಲೆ ನೋಡಿ ನೋಡಿದ್ದನ್ನು ಸರಿಯಾಗಿ ಬರೆಯುವ ಅಭ್ಯಾಸ. ಹತ್ತು ಸರ್ಟಿಫಿಕೇಟಿಗಿಂತ ಹದಿನೈದು ಶನಿವಾರದ ನೋಟ್‌ಬುಕ್ ತೂಕದ್ದು.

ಅದಕ್ಕೆ ಸರಿಯಾದ ಜಾಗ ವಿಶೇಷ ಶಾಲೆ, ಅಂದರೆ ಬೌದ್ಧಿಕ ಅಂಗವೈಕಲ್ಯ ಇರುವ ಮಕ್ಕಳ ಶಾಲೆ. ಮಂಗಳೂರಿನಲ್ಲಿ ಶಕ್ತಿನಗರದ ಸಾನಿಧ್ಯ, ಸೇವಾಭಾರತಿಯ ಚೇತನಾ ಬಾಲವಿಕಾಸ ಕೇಂದ್ರ, ಉಡುಪಿ ಕಡೆ ಆಶಾ ನಿಲಯ, ಪಾಂಬೂರಿನ ಮಾನಸ ಇವೆ. ಕಾಲೇಜಿನ ಪತ್ರ ಹಿಡಿದುಕೊಂಡು ಮುಖ್ಯೋಪಾಧ್ಯಾಯರನ್ನೇ ಹೋಗಿ ಕಾಣಿ. "ಇಂಟರ್ನ್‌ಶಿಪ್ ಬೇಕು" ಅನ್ನುವುದಕ್ಕಿಂತ, "ವಾರಕ್ಕೆ ಒಂದು ಅರ್ಧ ದಿನ, ಈ ತಾರೀಕಿನಿಂದ ಈ ತಾರೀಕಿನವರೆಗೆ, ನೀವು ಹೇಳಿದ ತರಗತಿಯಲ್ಲಿ ಟೀಚರಿಗೆ ಸಹಾಯಕ್ಕೆ ಇರುತ್ತೇನೆ, ಉಳಿದ ಹೊತ್ತು ಗಮನಿಸಿ ಬರೆದುಕೊಳ್ಳುತ್ತೇನೆ" ಅನ್ನಿ. ಒಂದು ದಿನ ಬಂದು ಕೇಕ್ ಕತ್ತರಿಸಿ ಫೋಟೊ ತೆಗೆದು ಹೋಗುವವರಿಂದ ಈ ಶಾಲೆಗಳು ಸುಸ್ತಾಗಿರುತ್ತವೆ. ಕೊನೆಯ ತಾರೀಕು ಮೊದಲೇ ಹೇಳುವವರನ್ನು ನಂಬುತ್ತಾರೆ. ಮಕ್ಕಳಿಗೂ ಆ ತಾರೀಕು ಮುಖ್ಯ. ಹಚ್ಚಿಕೊಂಡ ಅಕ್ಕ ಒಂದು ವಾರ ಹೇಳದೆ ಕೇಳದೆ ಬಾರದಿದ್ದರೆ ಕೆಲವು ಮಕ್ಕಳಿಗೆ ಆ ಇಡೀ ದಿನ ಹಾಳು. ಬಿಡುವ ಎರಡು ವಾರ ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ.

ಬರೆಯುವುದು ಹೇಗೆ? ಪುಟವನ್ನು ಮೂರು ಕಾಲಂ ಮಾಡಿ: ಮೊದಲು ಏನಾಯಿತು, ಮಗು ಏನು ಮಾಡಿತು, ಆಮೇಲೆ ಏನಾಯಿತು. ಎಡ ಅಂಚಿನಲ್ಲಿ ಗಂಟೆ. ಹೆಸರು ಬೇಡ, ಮನಸ್ಸಿಗೆ ಬಂದ ಒಂದು ಅಕ್ಷರ ಸಾಕು. ಒಂದು ಮಾದರಿ:

"10.40. ಮಣಿ ಪೋಣಿಸುವ ಕೆಲಸ. ಅಡುಗೆಮನೆಯಲ್ಲಿ ಮಿಕ್ಸಿ ಶುರುವಾಯಿತು. / ಕ ಎರಡೂ ಕಿವಿ ಮುಚ್ಚಿದ, ಮೊಣಕೈಯಿಂದ ತಟ್ಟೆ ತಳ್ಳಿದ, ಮಣಿ ಚೆಲ್ಲಿತು. / ಟೀಚರ್ ವರಾಂಡಕ್ಕೆ ಕರೆದುಕೊಂಡು ಹೋದರು. 3 ನಿಮಿಷದಲ್ಲಿ ಕೈ ಇಳಿಸಿದ."

ಇದೇ ಘಟನೆಯನ್ನು ಹೊಸಬರು "ಕ ಇವತ್ತು ಹಠ ಮಾಡಿದ" ಅಂತ ಒಂದು ಸಾಲಿನಲ್ಲಿ ಮುಗಿಸುತ್ತಾರೆ. ಹಠ ಅನ್ನುವುದು ನಿಮ್ಮ ತೀರ್ಮಾನ, ನೋಡಿದ ಸಂಗತಿ ಅಲ್ಲ. ಸಂಗತಿಯನ್ನೇ ಬರೆದರೆ ಎರಡು ಊಹೆ ಹುಟ್ಟುತ್ತವೆ: ಶಬ್ದ ತಡೆಯಲಾಗಲಿಲ್ಲವಾ, ಅಥವಾ ಮಣಿ ಕೆಲಸದಿಂದ ಪಾರಾಗಲು ಇದು ದಾರಿಯಾ? ವರಾಂಡಕ್ಕೆ ಹೋದಾಗ ಎರಡೂ ತಪ್ಪಿತಲ್ಲ! ಹಾಗಾಗಿ ಮಿಕ್ಸಿ ಇದ್ದು ಮಣಿ ಇಲ್ಲದ ದಿನ, ಮಣಿ ಇದ್ದು ಮಿಕ್ಸಿ ಇಲ್ಲದ ದಿನ ಹುಡುಕಿ ನೋಡಬೇಕು. ಎಂಟು ಹತ್ತು ದಾಖಲೆ ಆಗುವಾಗ ಒಂದು ಕಡೆ ತಕ್ಕಡಿ ವಾಲುತ್ತದೆ. ಕಂಡದ್ದನ್ನು ಟೀಚರ್ ಹತ್ತಿರ ಹೇಳಿ, ಅವರು ಏನು ಹೇಳುತ್ತಾರೆ ಅದನ್ನೂ ಬರೆದುಕೊಳ್ಳಿ. ಪಠ್ಯದಲ್ಲಿ ವರ್ತನಾವಾದ ಅಂತ ಎರಡು ಪುಟ ಓದಿದ್ದು ಇಲ್ಲಿ ಕಣ್ಣೆದುರು ನಡೆಯುತ್ತದೆ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಕಾಲಂ ಸೇರಿಸಿ: ಯಾವ ಭಾಷೆಯಲ್ಲಿ ಹೇಳಿದ್ದು. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಶಾಲೆಯಲ್ಲಿ ಕನ್ನಡ. "ಹೇಳಿದ್ದು ಅರ್ಥ ಆಗುವುದಿಲ್ಲ" ಅಂತ ಹೆಸರು ಬಿದ್ದ ಮಗು ತುಳುವಿನಲ್ಲಿ "ಇಡೆ ಬಲ" (ಇಲ್ಲಿ ಬಾ) ಅಂದ ಕೂಡಲೇ ಎದ್ದು ಬಂದರೆ ಅದು ದೊಡ್ಡ ಮಾಹಿತಿ. ಬುದ್ಧಿಮತ್ತೆಯ ಬಿನೆ–ಕಾಮತ್ ಪರೀಕ್ಷೆಯನ್ನು ವಿ.ವಿ. ಕಾಮತರು ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗಾಗಿ ಸಿದ್ಧಪಡಿಸಿದ್ದು. ಮಾತಿನಲ್ಲೇ ಉತ್ತರಿಸಬೇಕಾದ ಪ್ರಶ್ನೆಗಳಲ್ಲಿ ತುಳು ಮನೆಯ ಮಗು ಎಲ್ಲಿ ತಡವರಿಸುತ್ತದೆ ಅನ್ನುವುದನ್ನು, ಅವಕಾಶ ಸಿಕ್ಕಿದರೆ, ಪಕ್ಕದಲ್ಲಿ ಕೂತು ನೋಡಿ. ನೋಡಿ ಅಷ್ಟೇ. ಪರೀಕ್ಷೆ ನಡೆಸುವುದು, ಅಂಕ ಹಾಕುವುದು ನಿಮ್ಮ ಕೆಲಸ ಅಲ್ಲ. ಪ್ರಶ್ನೆಗಳ ಫೋಟೊ ತೆಗೆಯುವುದಂತೂ ಸಲ್ಲದು. ಪ್ರಶ್ನೆ ಹೊರಗೆ ಹರಡಿದರೆ ಆ ಪರೀಕ್ಷೆಯೇ ಕೆಡುತ್ತದೆ.

ಮಗು ಯಾರೋ ಮುಟ್ಟಿದ್ದು, ಹೊಡೆದದ್ದು ಹೇಳಿದರೆ "ಯಾರಿಗೂ ಹೇಳುವುದಿಲ್ಲ" ಅಂತ ಮಾತು ಕೊಡಬೇಡಿ, ಮತ್ತೆ ಮತ್ತೆ ಕೆದಕಿ ಕೇಳಲೂ ಬೇಡಿ. ಮಗುವಿನ ಮಾತನ್ನೇ ಹಾಗೇ ಬರೆದು ಅದೇ ದಿನ ಮುಖ್ಯಸ್ಥರಿಗೆ ತಿಳಿಸಿ. ಲೈಂಗಿಕ ದೌರ್ಜನ್ಯ ಗೊತ್ತಾದರೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯಲ್ಲಿ ಕಡ್ಡಾಯ, ಅದು ಸ್ವಯಂಸೇವಕರಿಗೂ ಅನ್ವಯಿಸುತ್ತದೆ. ಮಕ್ಕಳ ಸಹಾಯವಾಣಿ 1098.

ಈಗ ಆಸ್ಪತ್ರೆ. ಕಂಕನಾಡಿಯ ಫಾದರ್ ಮುಲ್ಲರ್, ದೇರಳಕಟ್ಟೆಯ ಕೆ.ಎಸ್. ಹೆಗ್ಡೆ ಮತ್ತು ಯೇನಪೋಯ, ಮಣಿಪಾಲದ ಕಸ್ತೂರ್ಬಾ, ಉಡುಪಿ ದೊಡ್ಡಣಗುಡ್ಡೆಯ ಎ.ವಿ. ಬಾಳಿಗಾ ಹೀಗೆ ಮನೋವೈದ್ಯಕೀಯ ಸೇವೆ ಇರುವ ಇಷ್ಟು ಆಸ್ಪತ್ರೆಗಳು ಇಷ್ಟು ಹತ್ತಿರ ಹತ್ತಿರ ಇರುವ ಜಾಗ ರಾಜ್ಯದಲ್ಲಿ ಕಡಿಮೆ. ಆದರೂ ಡಿಗ್ರಿ ವಿದ್ಯಾರ್ಥಿಗೆ ಸಿಗುವುದು ಹೆಚ್ಚೆಂದರೆ ವೀಕ್ಷಕನ ಜಾಗ, ಅದೂ ಕೆಲವೇ ವಾರ. ಕಾರಣ ಸರಳ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 23ನೇ ಸೆಕ್ಷನ್ ರೋಗಿಗೆ ಗೋಪ್ಯತೆಯ ಹಕ್ಕು ಕೊಡುತ್ತದೆ, ಮತ್ತು ರೋಗಿಯನ್ನು ನೋಡುವ ಸಣ್ಣ ಕೋಣೆಯಲ್ಲಿ ಕಲಿಯುತ್ತಿರುವ ವೈದ್ಯರೇ ಮೊದಲು ಕೂರಬೇಕು.

ಕೇಳುವ ಕ್ರಮ ಹೀಗಿರಲಿ. ಪತ್ರ ನಿಮ್ಮ ವಿಭಾಗದ ಮುಖ್ಯಸ್ಥರ ಸಹಿಯೊಂದಿಗೆ, ಕಾಲೇಜಿನ ಲೆಟರ್‌ಹೆಡ್‌ನಲ್ಲಿ, ಒಂದು ಪುಟ. ತಾರೀಕು, ಎಷ್ಟು ಗಂಟೆ, "ವೀಕ್ಷಣೆಗೆ ಮಾತ್ರ" ಅನ್ನುವ ಮಾತು, ಗೋಪ್ಯತೆಯ ಷರತ್ತಿಗೆ ಸಹಿ ಹಾಕಲು ಸಿದ್ಧ ಅನ್ನುವ ಒಂದು ಸಾಲು. ಸೋಮವಾರ ಬೆಳಿಗ್ಗೆ ಓಪಿಡಿ ತುಂಬಿರುವಾಗ ಹೋಗಿ ನಿಲ್ಲಬೇಡಿ, ಮಧ್ಯಾಹ್ನದ ನಂತರ ವಿಭಾಗದ ಕಚೇರಿಯಲ್ಲಿ ಕೊಟ್ಟು ಬನ್ನಿ. ಏಪ್ರಿಲ್–ಮೇ ರಜೆಗೆ ಬೇಕಾದರೆ ಜನವರಿಯಲ್ಲೇ ಕೊಡಿ, ಆ ಎರಡು ತಿಂಗಳಿಗೆ ಬೇರೆ ಊರಿನ ಮಕ್ಕಳೂ ಬರುತ್ತಾರೆ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ಹೋಗಿ ವಿಚಾರಿಸಿ. ಓಪಿಡಿ ಬೇಡ ಅಂದರೆ ವಿಭಾಗದಲ್ಲಿ ನಡೆಯುವ ಕೇಸ್ ಚರ್ಚೆಗೆ, ಪುನರ್ವಸತಿ ಘಟಕಕ್ಕೆ ಬರಬಹುದಾ ಕೇಳಿ. ರೋಗಿಗಳು ಪೇಪರ್ ಕವರ್ ಮಾಡುವ, ತರಕಾರಿ ಬೆಳೆಸುವ ಜಾಗದಲ್ಲಿ ಜೊತೆಗೆ ಕೆಲಸ ಮಾಡುತ್ತಾ ಕಲಿಯುವುದು ಕಡಿಮೆ ಅಲ್ಲ.

ಮಂಗಳೂರು ಸಣ್ಣ ಊರು, ಒಂದಲ್ಲ ಒಂದು ದಿನ ನಿಮ್ಮ ನೆರೆಮನೆಯವರೋ ಕ್ಲಾಸ್‌ಮೇಟಿನ ಅಮ್ಮನೋ ಆ ಕೋಣೆಗೆ ಬರುತ್ತಾರೆ. ಆಗ ಮೇಲ್ವಿಚಾರಕರಿಗೆ ಮೆಲ್ಲ ಹೇಳಿ ಎದ್ದು ಹೊರಗೆ ಹೋಗಿ. ಓಪಿಡಿಯಲ್ಲಿ ನೋಡಿದ ಯಾರಾದರೂ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಎದುರಾದರೆ ನೀವಾಗಿ ಮಾತಾಡಿಸಬೇಡಿ, ಅವರಾಗಿ ನಕ್ಕರೆ ನಗಿ. ಆಸ್ಪತ್ರೆಯ ಒಳಗಿನ ಫೋಟೊ ವಾಟ್ಸಾಪ್ ಸ್ಟೇಟಸ್‌ಗೆ ಹೋಗಲೇಬಾರದು, ಬರೀ ನಿಮ್ಮ ಐಡಿ ಕಾರ್ಡಿನ ಫೋಟೊ ಆದರೂ.

ಸಂಶೋಧನೆ ಮಾಡಬೇಕು ಅನ್ನುವವರು ಸಾಮಾನ್ಯವಾಗಿ ಗೂಗಲ್ ಫಾರ್ಮ್‌ನಲ್ಲಿ ಖಿನ್ನತೆಯ ಪ್ರಶ್ನಾವಳಿ ಹಾಕಿ ಗ್ರೂಪುಗಳಿಗೆ ಹರಿಯಬಿಡುತ್ತಾರೆ. ಇದು ನನಗೆ ಭಯ ಹುಟ್ಟಿಸುವ ವಿಷಯ. ಖಿನ್ನತೆ ಅಳೆಯಲು ಬಳಸುವ ಪಿಎಚ್‌ಕ್ಯು-9 ಪ್ರಶ್ನಾವಳಿಯ ಒಂಬತ್ತನೇ ಪ್ರಶ್ನೆ ಸಾಯುವ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯದ್ದು. ಹೆಸರಿಲ್ಲದ ಫಾರ್ಮ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಒಬ್ಬರು "ಹೆಚ್ಚುಕಡಿಮೆ ಪ್ರತಿದಿನ" ಅಂತ ಗುರುತು ಹಾಕಿದರೆ ಅವರನ್ನು ತಲುಪಲು ನಿಮಗೆ ದಾರಿಯೇ ಇಲ್ಲ. ಅದರ ಬದಲು ಮನಸ್ಸಿನ ಕ್ಷೇಮ ಅಳೆಯುವ, ವಿಶ್ವ ಆರೋಗ್ಯ ಸಂಸ್ಥೆಯ ಡಬ್ಲ್ಯುಎಚ್‌ಒ-5 ಬಳಸಿ. ಐದೇ ಪ್ರಶ್ನೆ, ಎಲ್ಲವೂ ಒಳ್ಳೆಯ ಕಡೆಯಿಂದ ಕೇಳಿದ್ದು, ಪ್ರತಿಯೊಂದಕ್ಕೆ 0ರಿಂದ 5, ಒಟ್ಟನ್ನು 4ರಿಂದ ಗುಣಿಸಿದರೆ 100ರ ಅಳತೆ. ಫಾರ್ಮಿನ ಕೊನೆಯಲ್ಲಿ ಎಲ್ಲರಿಗೂ ಕಾಣುವಂತೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಾಕಿ. ಕಾಲೇಜಿನ ನೈತಿಕ ಸಮಿತಿಯ ಅನುಮತಿ ಮೊದಲು, ಲಿಂಕ್ ಆಮೇಲೆ. ಹದಿನೆಂಟು ತುಂಬದವರು ಇದ್ದರೆ ಪೋಷಕರ ಒಪ್ಪಿಗೆಯೂ ಬೇಕು. ಮೊದಲ ವರ್ಷದ ಡಿಗ್ರಿಯಲ್ಲೂ ಹದಿನೇಳರವರು ಇರುತ್ತಾರೆ, ಇದು ಬಹಳ ಜನ ಮರೆಯುವ ಸಂಗತಿ.

ಇಂಥ ಪ್ರಶ್ನಾವಳಿಯನ್ನು ಕನ್ನಡಕ್ಕೆ ಅನುವಾದ ಮಾಡುವವರಿಗೆ ಒಂದು ಮಾತು. "ಖಿನ್ನತೆ" ಪುಸ್ತಕದ ಶಬ್ದ. ಬಂಟ್ವಾಳದಲ್ಲಿ ಬೀಡಿ ಕಟ್ಟುವ ಅಮ್ಮ "ಬೇಜಾರು" ಅನ್ನುತ್ತಾರೆ, "ಮಂಡೆಬಿಸಿ" ಅನ್ನುತ್ತಾರೆ, "ನಿತ್ರಾಣ" ಅನ್ನುತ್ತಾರೆ. ಮಂಡೆಬಿಸಿ ಚಿಂತೆಗೆ ಹತ್ತಿರ. ಬೇಜಾರು ದುಃಖವೂ ಹೌದು, ಯಾರೋ ಆಡಿದ ಮಾತಿನ ನೋವೂ ಹೌದು, ಹೊತ್ತು ಹೋಗದಿರುವುದೂ ಹೌದು. ಹಾಗಾಗಿ ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಿ ಕೂತು ಹೊಂದಿಸಿ, ಮೂಲ ನೋಡದ ಮೂರನೆಯವರಿಂದ ಇಂಗ್ಲಿಷಿಗೆ ವಾಪಸ್ ಮಾಡಿಸಿ, ಆಮೇಲೆ ಐದಾರು ಜನರಿಗೆ ಓದಿಸಿ "ನಿಮಗೆ ಏನು ಅರ್ಥ ಆಯಿತು?" ಅಂತ ಕೇಳಿ. ಕೊನೆಯ ಹಂತ ಬಿಟ್ಟರೆ ಉಳಿದ ಶ್ರಮ ನೀರಿಗೆ ಹೋದಂತೆ. ಕನ್ನಡ ಆವೃತ್ತಿ ಈಗಾಗಲೇ ಇದೆಯಾ ಅಂತ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಹುಡುಕುವುದು ಎಲ್ಲಕ್ಕಿಂತ ಮೊದಲು.

ಅದಕ್ಕಿಂತ ಹಗುರದ, ಖುಷಿಯ ಕೆಲಸ ಬೇಕಾದರೆ ಸ್ಟ್ರೂಪ್ ಪ್ರಯೋಗವನ್ನು ಎರಡು ಲಿಪಿಯಲ್ಲಿ ಮಾಡಿ. ಹಸಿರು ಬಣ್ಣದಲ್ಲಿ "ಕೆಂಪು" ಅಂತ ಬರೆದಾಗ ಬಣ್ಣ ಹೇಳಲು ತಡವಾಗುತ್ತದೆ, 1935ರಿಂದ ಗೊತ್ತಿರುವ ವಿಷಯ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರಿಗೆ ಕನ್ನಡದ ಶಬ್ದ ಕಡಿಮೆ ಅಡ್ಡ ಬರುತ್ತದಾ? ಇಂಥ ಪ್ರಯೋಗ ತಯಾರಿಸುವ ಸೈಟೂಲ್‌ಕಿಟ್ (PsyToolkit) ಉಚಿತ, ಬ್ರೌಸರಿನಲ್ಲೇ ನಡೆಯುತ್ತದೆ. ಕನ್ನಡ ಶಬ್ದಗಳನ್ನು ಟೈಪ್ ಮಾಡುವ ಬದಲು ಚಿತ್ರವಾಗಿ ಉಳಿಸಿ ಹಾಕಿ, ಇಲ್ಲದಿದ್ದರೆ ಕೆಲವು ಕಂಪ್ಯೂಟರಿನಲ್ಲಿ ಒತ್ತಕ್ಷರ ಒಡೆದು ಕಾಣುತ್ತದೆ. ಪ್ರತಿ ಲಿಪಿಗೆ 10 ಅಭ್ಯಾಸದ ಸುತ್ತು, 48 ನಿಜ ಸುತ್ತು. 30 ಜನ ಸಿಕ್ಕಿದರೆ 15 ಜನರಿಗೆ ಕನ್ನಡ ಮೊದಲು, 15 ಜನರಿಗೆ ಇಂಗ್ಲಿಷ್ ಮೊದಲು. ಎಲ್ಲರೂ ಲ್ಯಾಬಿನ ಅದೇ ಕಂಪ್ಯೂಟರಿನಲ್ಲಿ ಮಾಡಲಿ. ಕೆಲವರು ಮೊಬೈಲಿನಲ್ಲಿ ಮಾಡಿದರೆ ಮಿಲಿಸೆಕೆಂಡಿನ ಲೆಕ್ಕ ತಪ್ಪುತ್ತದೆ. 200 ಮಿಲಿಸೆಕೆಂಡಿಗಿಂತ ಬೇಗ ಬಂದ ಉತ್ತರ ಬಣ್ಣ ನೋಡಿ ಒತ್ತಿದ್ದಲ್ಲ, ತೆಗೆದುಹಾಕಿ. ಅಂಕಿಅಂಶದ ಲೆಕ್ಕಕ್ಕೆ ಜಮೋವಿ ಅಥವಾ ಜಾಸ್ಪ್ ಸಾಫ್ಟ್‌ವೇರ್, ಎರಡೂ ಉಚಿತ.

ಆನ್‌ಲೈನ್ ಕೋರ್ಸೇ ಬೇಕಾದರೆ ಐಐಟಿಗಳು ಸೇರಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳು ಜನವರಿ ಮತ್ತು ಜುಲೈಗೆ ಶುರು. ಸೇರಲು ಹಣ ಬೇಡ, ಪ್ರಮಾಣಪತ್ರಕ್ಕೆ ಪರೀಕ್ಷಾ ಶುಲ್ಕ ಉಂಟು. ವಾರದ ಅಸೈನ್‌ಮೆಂಟಿಗೆ 25, ಪರೀಕ್ಷೆಗೆ 75 ಅಂಕ, ಪಾಸಾಗಲು 10 ಮತ್ತು 30 ಬೇರೆ ಬೇರೆಯಾಗಿ ಬರಬೇಕು. ಅಸೈನ್‌ಮೆಂಟ್ ಬಿಟ್ಟವರು ಪರೀಕ್ಷೆ ಚೆನ್ನಾಗಿ ಬರೆದರೂ ಬೀಳುತ್ತಾರೆ.

ಕೌನ್ಸೆಲಿಂಗ್ ಮಾತ್ರ ಈಗ ಬೇಡ, ಇನ್‌ಸ್ಟಾಗ್ರಾಂನಲ್ಲೂ ಬೇಡ. ಸ್ನೇಹಿತರು ಕಷ್ಟ ಹೇಳಿಕೊಂಡರೆ ಏನು ಮಾಡಬೇಕು ಅನ್ನುವುದಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ 2011ರ ಮಾನಸಿಕ ಪ್ರಥಮ ಚಿಕಿತ್ಸೆ ಕೈಪಿಡಿ ಓದಿ: ನೋಡು, ಕೇಳು, ಜೋಡಿಸು. ಮೂರನೆಯದು ಎಲ್ಲಕ್ಕಿಂತ ಮುಖ್ಯ, ಯಾರಿಗೆ ಜೋಡಿಸಬೇಕು ಅನ್ನುವ ಪಟ್ಟಿ ನಿಮ್ಮ ಹತ್ತಿರ ಇರಬೇಕು. ಕ್ಲಿನಿಕಲ್ ಸೈಕಾಲಜಿಸ್ಟ್ ಆಗಲು ಆರ್‌ಸಿಐ ಮಾನ್ಯತೆಯ ತರಬೇತಿ ಮುಗಿಸಿ ನೋಂದಣಿ ಆಗಬೇಕು. ಎಂ.ಎ.ಯನ್ನು ದೂರಶಿಕ್ಷಣದಲ್ಲಿ ಮುಗಿಸುವ ಯೋಚನೆ ಇದ್ದರೆ ಬಿಡಿ, 2025ರ ಜುಲೈ–ಆಗಸ್ಟ್ ಸಾಲಿನಿಂದ ಸೈಕಾಲಜಿಗೆ ಆ ದಾರಿಯನ್ನು ಯುಜಿಸಿ ನಿಲ್ಲಿಸಿದೆ.

ಹೋದ ಪ್ರತಿದಿನದ ತಾರೀಕು, ಬಂದ ಗಂಟೆ, ಹೊರಟ ಗಂಟೆ, ಮಾಡಿದ ಕೆಲಸ ಒಂದು ಸಾಲು ಬರೆದು ಅಲ್ಲಿನವರ ಸಹಿ ಆ ದಿನವೇ ಹಾಕಿಸಿಕೊಳ್ಳಿ. ಮುಗಿದ ವಾರದಲ್ಲೇ ಶಿಫಾರಸು ಪತ್ರ ಕೇಳಿ, ಕೇಳುವಾಗ ಆ ಪಟ್ಟಿಯ ಒಂದು ಝೆರಾಕ್ಸ್ ಜೊತೆಗೆ ಕೊಡಿ. ಒಂದು ವರ್ಷ ಕಳೆದ ಮೇಲೆ ಕೇಳಿದರೆ "ಶ್ರದ್ಧೆಯ ವಿದ್ಯಾರ್ಥಿ" ಅನ್ನುವ ಒಂದು ಸಾಲಿಗಿಂತ ಹೆಚ್ಚು ಬರೆಯಲು ಅವರಿಗೂ ನೆನಪಿರುವುದಿಲ್ಲ.